ಮೇಲಿನ ಮನೆಗೆ ಮಣಿಪುರದವರು ಬಂದರೆ: ಬಳ್ಳಾರಿಯ ಮನೆ ಓನರುಗಳಿಗೆ ಒಂದು ಕೈಪಿಡಿ

ಬಳ್ಳಾರಿಯಲ್ಲಿ ಈಗ ಸಲೂನು, ಬ್ಯೂಟಿ ಪಾರ್ಲರು, ಮೊಮೊ ಗಾಡಿ, ಹೋಟೆಲಿನ ಅಡುಗೆಮನೆ, ತೋರಣಗಲ್ಲು ಕಡೆಯ ಗೆಸ್ಟ್‌ಹೌಸು, ಎಲ್ಲಿ ಹೋದರೂ ಈಶಾನ್ಯದ ಹುಡುಗ ಹುಡುಗಿಯರು ಸಿಗುತ್ತಾರೆ. ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಅಸ್ಸಾಂ. ಜೊತೆಗೆ ಡಾರ್ಜಿಲಿಂಗ್ ಕಡೆಯವರು, ನೇಪಾಳದವರು. ಇವರಿಗೆ ಕೆಲಸ ಬೇಗ ಸಿಗುತ್ತದೆ, ಮನೆ ಸಿಗುವುದಿಲ್ಲ. 'ಬಾಡಿಗೆಗೆ ಇದೆ' ಬೋರ್ಡ್ ನೋಡಿ ಫೋನ್ ಮಾಡಿದರೆ "ಬಂದು ನೋಡಿ" ಅನ್ನುತ್ತಾರೆ. ಮುಖ ಕಂಡ ಮೇಲೆ "ನಿನ್ನೇನೆ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರಮ್ಮ" ಅನ್ನುತ್ತಾರೆ. ಬೋರ್ಡು ಮಾತ್ರ ಮುಂದಿನ ವಾರವೂ ಗೇಟಿಗೆ ನೇತಾಡುತ್ತಿರುತ್ತದೆ.

ನಮ್ಮದು ಗಾಂಧಿನಗರದ ಕಡೆ ಮನೆ. ಕೆಳಗೆ ನಾವು, ಮೇಲೆ ಎರಡು ಪೋರ್ಷನ್. ನಾನು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು ರಿಟೈರ್ ಆದವಳು, ನಮ್ಮ ಯಜಮಾನರು ಕುಡಿತಿನಿ ಥರ್ಮಲ್‌ನಲ್ಲಿದ್ದವರು. ಕೆಲವು ವರ್ಷಗಳಿಂದ ಮೇಲಿನ ಎರಡೂ ಮನೆಗೆ ಈಶಾನ್ಯದವರೇ ಬರುತ್ತಿದ್ದಾರೆ. ಒಬ್ಬರು ಹೋದರೆ ಅವರ ಕಡೆಯವರೇ ಇನ್ನೊಬ್ಬರು. ಬೇರೆ ಓನರುಗಳು ಸಿಕ್ಕಾಗ ಕೇಳುವುದು ಒಂದೇ: "ಏನೂ ತೊಂದ್ರೆ ಆಗಲ್ವೇನ್ರೀ ಅಕ್ಕಾ?" ಆಗುತ್ತದೆ. ಬಹಳ ಸಲ ಆ ತೊಂದರೆ ಕೊಡುವವರು ನಮ್ಮ ಕಡೆಯವರೇ. ಅದನ್ನು ನಿಭಾಯಿಸುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಕೊಪ್ಪಳ, ರಾಯಚೂರಿನವರಿಗೂ ಇದು ಹಾಗೇ ಹೊಂದುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಈ ಮಕ್ಕಳಿಗೆ ನಮ್ಮ 'ಅಯ್ಯೋ ಪಾಪ' ಬೇಕಾಗಿಲ್ಲ. ಠಾಣೆಗೆ ಜೊತೆಗೆ ಬಂದು, ಕನ್ನಡದಲ್ಲಿ ಮಾತಾಡಿ, ತನ್ನ ಹೆಸರು ವಿಳಾಸ ಬರೆದು ಸಹಿ ಹಾಕುವ ಊರಿನವರು ಒಬ್ಬರು ಬೇಕು. ಓನರ್ ಆದವರಿಗೆ ಆ ಕೆಲಸ ಸುಲಭ. ವಿಳಾಸ ಹೇಗೂ ನಮ್ಮದೇ ಅಲ್ವಾ.

ಮನೆ ತೋರಿಸುವಾಗ

ಬೇರೆ ಬಾಡಿಗೆದಾರರಿಗೆ ಏನು ಕೇಳುತ್ತೀರೋ ಅದನ್ನೇ ಕೇಳಿ. ಎಲ್ಲಿ ಕೆಲಸ, ಎಷ್ಟು ಜನ, ನೀರು ಎಷ್ಟು ಬೇಕಾಗುತ್ತದೆ, ರಾತ್ರಿ ಎಷ್ಟೊತ್ತಿಗೆ ಬರುತ್ತೀರಿ. "ಇಂಡಿಯಾಕ್ಕೆ ಯಾವಾಗ ಬಂದ್ರಿ?" ಅಂತ ಕೇಳಬೇಡಿ. ನಗಬೇಡಿ, ಓದಿದವರೇ ಕೇಳುತ್ತಾರೆ. "ನಾಯಿ ತಿಂತೀರಂತೆ ಹೌದಾ?" ಅನ್ನುವುದೂ ಬೇಡ. ಮನೆ ನೋಡಲು ಬಂದವರಿಗೆ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆಯಾ ಅದು?

ಬಾಡಿಗೆ ಎಲ್ಲರಿಗೂ ಒಂದೇ ಇರಲಿ. 8 ಸಾವಿರಕ್ಕೆ ಹೋಗುವ ಪೋರ್ಷನ್ನನ್ನು ಇವರಿಗೆ 11 ಸಾವಿರ ಹೇಳುವವರಿದ್ದಾರೆ. ಬೇರೆ ಕಡೆ ಸಿಗುವುದಿಲ್ಲ, ಕೊಟ್ಟೇ ಕೊಡುತ್ತಾರೆ ಅನ್ನುವ ಧೈರ್ಯ. ಕರೆಂಟಿನಲ್ಲೂ ಇದೇ ಆಟ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ತಿಂಗಳಿಗೆ 200 ಯೂನಿಟ್ ಒಳಗೆ, ಅವರ ಲೆಕ್ಕಕ್ಕೆ ಬಂದಷ್ಟು ಉಚಿತ. ಮೇಲಿನ ಮನೆಗೆ ಬೇರೆ ಮೀಟರ್ ಇದ್ದರೆ ಆರ್‌ಆರ್ ನಂಬರ್ ಕೊಟ್ಟು ಅವರ ಆಧಾರ್ ಜೋಡಿಸಲು ಬಿಡಿ. ಜೆಸ್ಕಾಂ ಸೊನ್ನೆ ಬಿಲ್ ಕೊಟ್ಟಿದ್ದಕ್ಕೆ ನಾವು ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುವುದಕ್ಕೆ ಏನು ಹೆಸರು ಇಡಬೇಕೋ ನೀವೇ ಇಡಿ.

ಕಾಗದ ಪತ್ರ

ಇದನ್ನು ಸರಿಯಾಗಿ ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ. 11 ತಿಂಗಳ ಕರಾರುಪತ್ರ, ಇ-ಸ್ಟಾಂಪ್ ಕಾಗದದ ಮೇಲೆ. ಒಂದು ವರ್ಷಕ್ಕಿಂತ ಜಾಸ್ತಿ ಅಂತ ಬರೆದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲರೂ 11 ಅನ್ನುವುದು. "ಬಾಯಿಮಾತಲ್ಲೇ ಇರಲಿ, ಎರಡು ತಿಂಗಳು ನೋಡೋಣ" ಅಂತ ಬಿಡಬೇಡಿ. ಕರಾರುಪತ್ರ ಇಲ್ಲದವರನ್ನು ಬೀದಿಯವರೂ ಹೆದರಿಸುತ್ತಾರೆ, ಬೀಟ್ ಪೊಲೀಸರೂ ಕೇಳುತ್ತಾರೆ, ಬ್ಯಾಂಕ್ ಖಾತೆಗೂ ಅಡ್ಡಿ. ಅಡ್ವಾನ್ಸ್ ಎಷ್ಟು ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಹಣ ಖಾತೆಗೇ ಹಾಕಿಸಿಕೊಳ್ಳಿ, ಇಬ್ಬರಿಗೂ ದಾಖಲೆ ಇರುತ್ತದೆ.

ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಒರಿಜಿನಲ್ ಇಟ್ಟುಕೊಳ್ಳಬೇಡಿ. ಕೆಲಸ ಕೊಟ್ಟವರು ಹಾಗೆ ಇಟ್ಟುಕೊಂಡಿದ್ದರೆ ವಾಪಸ್ ಕೇಳಲು ಹೇಳಿ, ಬೇಕಾದರೆ ನೀವೂ ಒಂದು ಮಾತು ಹೇಳಿ. ಅಸ್ಸಾಂ, ಮೇಘಾಲಯದಲ್ಲಿ ಆಧಾರ್ ಬಹಳ ತಡವಾಗಿ ಹಬ್ಬಿತು. ಕೆಲವರ ಹತ್ತಿರ ವೋಟರ್ ಐಡಿ ಅಥವಾ ಡ್ರೈವಿಂಗ್ ಲೈಸೆನ್ಸ್ ಮಾತ್ರ ಇರಬಹುದು. ಅದೂ ಸರ್ಕಾರದ ಚೀಟಿಯೇ.

ಹೆಸರಿನ ವಿಷಯದಲ್ಲಿ ಬ್ರೋಕರುಗಳು ಬಹಳ ಗೊಂದಲ ಮಾಡುತ್ತಾರೆ. ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಜನರಲ್ಲಿ ಮಕ್ಕಳಿಗೆ ಬರುವುದು ತಾಯಿಯ ಮನೆತನದ ಹೆಸರು. ಮಗಳ ಹೆಸರಿಗೂ ಅಪ್ಪನ ಹೆಸರಿಗೂ ತಾಳೆ ಆಗುವುದಿಲ್ಲ. ಮಿಜೋ ಜನರಲ್ಲಿ ಅಡ್ಡಹೆಸರು ಇಡುವ ರೂಢಿಯೇ ಕಡಿಮೆ. ಅಣ್ಣ ತಂಗಿ ಅಂತ ಹೇಳಿಕೊಂಡು ಬಂದವರ ಚೀಟಿಯಲ್ಲಿ ಒಂದೂ ಹೆಸರು ಹೊಂದದಿದ್ದರೆ "ಇವರು ಸುಳ್ಳು ಹೇಳ್ತಿದ್ದಾರೆ" ಅಂತ ತೀರ್ಮಾನಿಸಬೇಡಿ. ನಮ್ಮಲ್ಲೂ ಅಪ್ಪನ ಹೆಸರು, ಊರ ಹೆಸರು, ಮನೆತನದ ಹೆಸರು ಅಂತ ಮೂರು ತರಹ ಇದೆ. ಪಾಸ್‌ಪೋರ್ಟ್ ಮಾಡಿಸಲು ಹೋದಾಗಲೇ ನಮಗೆ ಅದು ನೆನಪಾಗುವುದು.

ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಡುವುದಾದರೆ ಎಲ್ಲ ಬಾಡಿಗೆದಾರರದ್ದೂ ಕೊಡಿ. ಕೆಳಗಿನ ಮನೆ ಹೊಸಪೇಟೆಯವರದ್ದು ಬೇಡ, ಮೇಲಿನ ಮನೆ ಮಣಿಪುರದವರದ್ದು ಮಾತ್ರ ಬೇಕು ಅಂದರೆ ಅದೇ ತಾರತಮ್ಯ. ಕೊಡುವಾಗ ನೀವೇ ಹೋಗಿ, ಅವರನ್ನೂ ಕರೆದುಕೊಂಡು ಹೋಗಿ. ಬೀಟ್ ಪೊಲೀಸರಿಗೆ ಮುಖ ಪರಿಚಯ ಆಗುತ್ತದೆ. ಮುಂದೆ ರಾತ್ರಿ 11ಕ್ಕೆ ಕೆಲಸ ಮುಗಿಸಿ ಬರುವ ಹುಡುಗಿಯನ್ನು ನಿಲ್ಲಿಸಿ "ಎಲ್ಲಿಂದ, ಎಲ್ಲಿಗೆ" ಅಂತ ಕೇಳುವುದು ಕಡಿಮೆ ಆಗುತ್ತದೆ.

ನೇಪಾಳದವರ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. 1950ರ ಭಾರತ ನೇಪಾಳ ಒಪ್ಪಂದದ ಪ್ರಕಾರ ಅವರು ವೀಸಾ ಇಲ್ಲದೆ ಇಲ್ಲಿ ಬಂದು ಇರಬಹುದು, ದುಡಿಯಬಹುದು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿನವರದ್ದು ಬೇರೆ. ಮುಂಡಗೋಡ, ಬೈಲಕುಪ್ಪೆಯ ಕಡೆಯವರು ಜಾಸ್ತಿ, ಅವರ ಹತ್ತಿರ ನೋಂದಣಿ ಪುಸ್ತಕ ಇರುತ್ತದೆ, ಅದನ್ನು ನೋಡಿ. ಈಶಾನ್ಯದ ಎಂಟು ರಾಜ್ಯದವರಿಗೆ ಇದ್ಯಾವುದೂ ಬೇಡ. ಅವರು ನಿಮ್ಮ ನನ್ನ ಹಾಗೆ ಇಲ್ಲಿಯವರು. ಪಾಸ್‌ಪೋರ್ಟ್ ಕೇಳಿದರೆ ಅದು ಅವಮಾನ.

ಅಡುಗೆ ವಾಸನೆ

ಎಲ್ಲ ಓನರುಗಳ ದೊಡ್ಡ ಭಯ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಗಾ ಜನ ಆಕ್ಸೋನೆ ಅಂತ ಮಾಡುತ್ತಾರೆ. ಸೋಯಾ ಕಾಳು ಬೇಯಿಸಿ, ಎಲೆಯಲ್ಲಿ ಕಟ್ಟಿ, ಬೆಚ್ಚಗಿನ ಜಾಗದಲ್ಲಿ ಹುದುಗುವ ತನಕ ಇಡುತ್ತಾರೆ. ಮಣಿಪುರದವರದ್ದು ಙಾರಿ, ಹುದುಗಿಸಿದ ಮೀನು. ಜೊತೆಗೆ ಬಿದಿರ ಕಳಲೆ. ಊರಿಂದ ಯಾರಾದರೂ ಬಂದಾಗ ಪೊಟ್ಟಣ ಬರುತ್ತದೆ. ಅದನ್ನು ಬಿಸಿ ಮಾಡಿದರೆ ವಾಸನೆ ಬರುತ್ತದೆ. ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮೊದಲ ಸಲ ಮೇಲೆ ಆಕ್ಸೋನೆ ಮಾಡಿದ ದಿನ ನಮ್ಮ ಪಕ್ಕದ ಮನೆಯಾಕೆ ಸಂಪಿನ ಹಿಂದೆ ಟಾರ್ಚ್ ಹಿಡಿದು ಸತ್ತ ಇಲಿ ಹುಡುಕುತ್ತಿದ್ದರು. ಆಮೇಲೆ ಮೇಲಿಂದ ಒಂದು ಬಟ್ಟಲು ಕೆಳಗೆ ಬಂತು. ನಾವು ಮಾಂಸ ತಿನ್ನದವರು, ಆದರೆ ಅವತ್ತಿನದರಲ್ಲಿ ಮಾಂಸ ಇರಲಿಲ್ಲ, ಬರೀ ಕಾಳು, ಟೊಮೆಟೊ, ಒಣಮೆಣಸು. ನಮ್ಮ ಯಜಮಾನರು ರೊಟ್ಟಿಗೆ ಹಚ್ಚಿಕೊಂಡು ತಿಂದು "ಖಾರ ಚಲೋ ಐತಿ" ಅಂದರು. ಪಕ್ಕದ ಮನೆಯಾಕೆ ಇವತ್ತಿಗೂ ಮುಟ್ಟಿಲ್ಲ. ಮುಟ್ಟಬೇಕಾಗಿಯೂ ಇಲ್ಲ. ಇಲಿ ಹುಡುಕುವುದನ್ನು ಬಿಟ್ಟಿದ್ದಾರೆ, ಅಷ್ಟು ಸಾಕು.

ಮಾಡಬೇಕಾದ್ದು ಇಷ್ಟೇ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಖರ್ಚು ಓನರದ್ದು. ಗಾಳಿ ಪಕ್ಕದ ಮನೆ ಕಿಟಕಿಗೆ ಹೋಗದ ಕಡೆ ತೂತು ಹೊಡೆಸಿ. ಮಾಳಿಗೆ ಮೇಲೆ ಒಣ ಹಾಕುವುದಕ್ಕೆ ದಿನ ಗೊತ್ತು ಮಾಡಿ. ನಮ್ಮಲ್ಲಿ ಬೇಸಿಗೆ ಬಂದರೆ ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಎಲ್ಲ ಮಾಳಿಗೆಗೆ ಹೋಗುತ್ತದೆ. ಅದರ ಪಕ್ಕ ಮೀನು ಒಣ ಹಾಕಿದರೆ ಜಗಳ ಖಂಡಿತ. ನಾನು ಪೂರ್ವದ ಮೂಲೆ ಅವರಿಗೆ, ಪಶ್ಚಿಮದ ಮೂಲೆ ನಮಗೆ ಅಂತ ಮಾಡಿದ್ದೇನೆ. ಮಾಂಸ ಮಾಡಬಾರದು ಅನ್ನುವುದು ನಿಮ್ಮ ನಿಯಮ ಆಗಿದ್ದರೆ ಮನೆ ತೋರಿಸುವಾಗಲೇ ಹೇಳಿ, ಎಲ್ಲರಿಗೂ ಹೇಳಿ. ಬಂದು ಮೂರು ತಿಂಗಳಾದ ಮೇಲೆ ಮೂಗು ಮುಚ್ಚಿಕೊಳ್ಳಬೇಡಿ.

ಅಕ್ಕಪಕ್ಕದವರು

ಇವರು ನಾಲ್ಕು ಮಾತು ತರುತ್ತಾರೆ. ಬೇರೆ ಬೇರೆ ದಿನ, ಬೇರೆ ಬೇರೆ ಬಾಯಿಂದ, ಮಾತು ಅವೇ.

"ಹುಡುಗೀರು ರಾತ್ರಿ ಲೇಟಾಗಿ ಬರ್ತಾರೆ, ಯಾವ ಕೆಲಸನೋ ಏನೋ." ಪಾರ್ಲರ್ ಮುಚ್ಚುವುದೇ ರಾತ್ರಿ ಒಂಬತ್ತೂವರೆಗೆ. ಸಾಮಾನು ತೊಳೆದು, ಕ್ಯಾಷ್ ಲೆಕ್ಕ ಕೊಟ್ಟು, ಆಟೊ ಹಿಡಿದು ಬರಬೇಕು. ಆಸ್ಪತ್ರೆಯ ನರ್ಸ್ ಮಕ್ಕಳು ಎಷ್ಟೊತ್ತಿಗೆ ಬರುತ್ತಾರೆ ಅಂತ ಕೇಳಿ, ಬಾಯಿ ಮುಚ್ಚುತ್ತಾರೆ.

"ನಾವು ಅವರ ಊರಿಗೆ ಹೋಗೋಕೆ ಪರ್ಮಿಟ್ ಬೇಕು, ಅವರು ಮಾತ್ರ ಇಲ್ಲಿ ಆರಾಮಾಗಿ ಬರ್ತಾರೆ." ಇದು ವಾಟ್ಸಾಪ್ ಓದಿದವರ ಮಾತು, ಹಾಗಾಗಿ ಸರಿಯಾಗಿ ಉತ್ತರ ಕೊಡಿ. ಇನ್ನರ್ ಲೈನ್ ಪರ್ಮಿಟ್ ಬ್ರಿಟಿಷರ 1873ರ ನಿಯಮದಿಂದ ಬಂದದ್ದು. ಈಗ ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಇದೆ. ಅಸ್ಸಾಂ, ಮೇಘಾಲಯ, ತ್ರಿಪುರಾಕ್ಕೆ ಇಲ್ಲ. ಚಿಕ್ಕ ಚಿಕ್ಕ ಬುಡಕಟ್ಟುಗಳ ನೆಲ ಕೈತಪ್ಪಿ ಹೋಗಬಾರದು ಅಂತ ಉಳಿಸಿಕೊಂಡಿದ್ದಾರೆ. ಅರ್ಜಿ ಹಾಕಿದರೆ ನಮಗೂ ಸಿಗುತ್ತದೆ. ಅದನ್ನು ಮಾಡಿದ್ದು ಸಲೂನಿನಲ್ಲಿ ಕೂದಲು ಕತ್ತರಿಸುವ ಹುಡುಗ ಅಲ್ಲ. ದೇಶದ ಯಾವ ಮೂಲೆಯಲ್ಲಾದರೂ ಹೋಗಿ ಇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ.

"ಕನ್ನಡ ಬರಲ್ಲ." ಬಳ್ಳಾರಿಯವರು ಈ ಮಾತು ಹೇಳುವಾಗ ನನಗೆ ನಗು ಬರುತ್ತದೆ. 1953ರ ತನಕ ನಾವು ಮದ್ರಾಸ್ ರಾಜ್ಯದಲ್ಲಿದ್ದವರು. ಆಂಧ್ರ ಆದಾಗ ಆದೋನಿ, ರಾಯದುರ್ಗ ಆ ಕಡೆ ಹೋದವು, ನಾವು ಮೈಸೂರಿಗೆ ಬಂದೆವು. ಇವತ್ತಿಗೂ ಮಾರ್ಕೆಟಿನಲ್ಲಿ ಅರ್ಧ ವ್ಯಾಪಾರ ತೆಲುಗಿನಲ್ಲಿ, ಕೌಲ್ ಬಜಾರಿಗೆ ಹೋದರೆ ಉರ್ದು. ಬೆಂಗಳೂರಿನಲ್ಲಿ ನಾವು ಬಾಯಿ ತೆರೆದರೆ "ನೀವು ತೆಲುಗಿನವರಾ?" ಅಂತ ಕೇಳುತ್ತಾರೆ, ಆಗ ನಮಗೆ ಮೈ ಉರಿಯುತ್ತದೆ. 2014ರ ಅಕ್ಟೋಬರ್‌ನಲ್ಲಿ ಅದೇ ಬೆಂಗಳೂರಿನಲ್ಲಿ ಕನ್ನಡ ಮಾತಾಡಲಿಲ್ಲ ಅಂತ ಮಣಿಪುರದ ಹುಡುಗರನ್ನು ಹೊಡೆದಿದ್ದರು. ಕನ್ನಡ ಕಲಿಸಿ, ಖಂಡಿತ ಕಲಿಸಿ. ನಾನು ಸಂಖ್ಯೆಯಿಂದ ಶುರು ಮಾಡುತ್ತೇನೆ, ಆಮೇಲೆ ತರಕಾರಿ, ಆಮೇಲೆ ಆಟೊದವರ ಜೊತೆ ಚೌಕಾಸಿ. ಈಗ ಮೇಲಿರುವವರಲ್ಲಿ ಒಬ್ಬಳು "ಯಾಕ್ರೀ ಅಣ್ಣಾ, ಇಷ್ಟ್ಯಾಕ ಕೇಳ್ತೀರಿ" ಅಂತ ಥೇಟ್ ನಮ್ಮ ರಾಗದಲ್ಲೇ ಹೇಳುತ್ತಾಳೆ. ಆಟೊದವರು ತಿರುಗಿ ನೋಡಿ ಹತ್ತು ರೂಪಾಯಿ ಕಡಿಮೆ ಮಾಡುತ್ತಾರೆ.

ನಾಲ್ಕನೆಯದು, "ಚೈನಾದವರ ತರ ಇದ್ದಾರೆ." ಇದಕ್ಕೆ ಉತ್ತರ ಕೊಡಲು ಹೋಗಬೇಡಿ. "ಇರ್ಲಿ ಬಿಡ್ರೀ, ಏನೀಗ?" ಅಂದು ಮಾತು ಮುಗಿಸಿ.

ಬೀದಿಯಲ್ಲಿ ಯಾರಾದರೂ ಕೂಗಿದರೆ

ಚಿಂಕಿ, ಚೈನಾ, ಮೊಮೊ, ನೇಪಾಳಿ. 2020ರಲ್ಲಿ ಇದಕ್ಕೆ 'ಕೊರೊನಾ' ಸೇರಿತು. ಆ ವರ್ಷ ಮಾರ್ಚಿನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ನಾಗಾಲ್ಯಾಂಡಿನ ಇಬ್ಬರು ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ಹುಡುಗರು ವಿಡಿಯೊ ಮಾಡಿದ್ದರು, ಪೊಲೀಸರು ಕೇಸ್ ಹಾಕಿದರು. ಅಂಗಡಿ, ಹೋಟೆಲ್, ಸಿನಿಮಾ ಮಂದಿರಕ್ಕೆ ಜನಾಂಗ ಅಥವಾ ಹುಟ್ಟಿದ ಜಾಗ ನೋಡಿ ಒಳಗೆ ಬಿಡದಿರುವಂತಿಲ್ಲ, ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅದನ್ನೇ ಹೇಳುತ್ತದೆ. ಖಾಸಗಿ ಮನೆ ಬಾಡಿಗೆಗೆ ಮಾತ್ರ ಹಾಗೆ ನೇರವಾಗಿ ಹಿಡಿಯುವ ಕಾನೂನು ಇಲ್ಲ. ಅದಕ್ಕೇ ಓನರುಗಳ ಮೇಲೆ ಇಷ್ಟು ಬರೆಯುತ್ತಿರುವುದು.

ನಿಮ್ಮ ಕಣ್ಣೆದುರು ಹಾಗಾದರೆ ಮೊದಲು ಆ ಹುಡುಗಿಯ ಪಕ್ಕ ಹೋಗಿ ನಿಂತುಕೊಳ್ಳಿ. ಕೂಗಿದವರ ಮೇಲೆ ಏರಿ ಹೋಗಬೇಡಿ, ಅವಳನ್ನು ಮಾತಾಡಿಸಿ. "ಮನೆಗಾ? ಬಾ ಹೋಗೋಣ." ಊರಿನವರು ಒಬ್ಬರು ಜೊತೆಗಿದ್ದಾರೆ ಅಂತ ಗೊತ್ತಾದ ಕೂಡಲೇ ಅರ್ಧ ಪುಂಡರು ಜಾಗ ಖಾಲಿ ಮಾಡುತ್ತಾರೆ. ಆಗದಿದ್ದರೆ 112ಕ್ಕೆ ಫೋನ್ ಮಾಡಿ. ಠಾಣೆಗೆ ನೇರ ಫೋನ್ ಮಾಡುವುದಕ್ಕಿಂತ ಇದು ವಾಸಿ, ಕರೆ ದಾಖಲಾಗಿರುತ್ತದೆ. ಬೈಕ್ ನಂಬರ್ ನೋಡಿಕೊಳ್ಳಿ. ಕೆಎ 34 ಅನ್ನುವುದು ಬಿಟ್ಟು ಉಳಿದದ್ದು.

ಆಮೇಲೆ ಸಿಸಿಟಿವಿ. ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಮರುದಿನವೇ ಹೋಗಿ ಅಂಗಡಿಯವರನ್ನು ಕೇಳಿ ಪೆನ್‌ಡ್ರೈವ್‌ಗೆ ತೆಗೆಸಿ, ಒರಿಜಿನಲ್ಲನ್ನು ಅಳಿಸದೆ ಇಡಲು ಹೇಳಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಪೊಲೀಸರು, ವಕೀಲರು ನೋಡಿಕೊಳ್ಳುತ್ತಾರೆ. ಅಂಗಡಿಯವರಿಗೆ ಅದನ್ನೆಲ್ಲ ಮೊದಲೇ ಹೇಳಿ ಹೆದರಿಸಬೇಡಿ.

ದೂರು ಬರೆಯುವುದು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹುಡುಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುತ್ತಾಳೆ, ಠಾಣೆಯ ರೈಟರ್ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಬರೆಯುವಾಗ ಎಲ್ಲ ಠಾಣೆಯಲ್ಲೂ ಒಂದೇ ವಾಕ್ಯ ಬರುತ್ತದೆ: "ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ." ಅಲ್ಲಿಗೆ ಕೇಸು ಮುಗಿಯಿತು. ಯಾಕೆ ಬೈದರು, ಏನು ಅಂತ ಬೈದರು ಎಲ್ಲ ಆ ಒಂದು ವಾಕ್ಯದಲ್ಲಿ ಹೂತುಹೋಗುತ್ತದೆ. ಕುಡಿದವರಿಬ್ಬರು ಬೈದಾಡಿಕೊಂಡರೂ ಅದೇ ವಾಕ್ಯ, ಜನಾಂಗ ನೋಡಿ ಬೈದರೂ ಅದೇ ವಾಕ್ಯ. ನಮ್ಮ ಮೇಲಿನ ಮನೆಯ ಹುಡುಗಿಯ ಜೊತೆ ಹೋದಾಗ ಹೀಗೇ ಆಯಿತು. ಬರೆದದ್ದನ್ನು ಓದಿಸಿಕೊಂಡು, "ಸಾರ್, ಅವರು ಅಂದ ಮಾತನ್ನೇ ಹಾಕಿ" ಅಂದೆ. "ಅದೆಲ್ಲ ಯಾಕ್ರಮ್ಮ, ಚೆನ್ನಾಗಿರಲ್ಲ" ಅಂದರು. ಅಂದವರಿಗೆ ಇಲ್ಲದ ನಾಚಿಕೆ ಬರೆಯುವವರಿಗೆ ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಪೆನ್ ತಿರುಗಿಸುತ್ತ ಕೂತರು, ಆಮೇಲೆ ಹೊಸ ಹಾಳೆ ತೆಗೆದುಕೊಂಡರು.

ಅದಕ್ಕೇ ಮನೆಯಲ್ಲೇ ಬರೆದುಕೊಂಡು ಹೋಗಿ. ಹೆಚ್ಚು ಕಡಿಮೆ ಹೀಗೆ:

"ದಿನಾಂಕ … ರಂದು ರಾತ್ರಿ ಸುಮಾರು … ಗಂಟೆಗೆ ನಾನು ಕೆಲಸ ಮುಗಿಸಿಕೊಂಡು … ರಸ್ತೆಯ … ಅಂಗಡಿಯ ಮುಂದೆ ನಡೆದು ಬರುತ್ತಿದ್ದಾಗ, ಕೆಎ 34 … ನಂಬರಿನ ಬೈಕಿನಲ್ಲಿ ಬಂದ ಇಬ್ಬರು ನನಗೆ ಬೈಕ್ ಅಡ್ಡ ನಿಲ್ಲಿಸಿ, 'ಏ ಚಿಂಕಿ, ನಿಮ್ಮ ಚೈನಾಕ್ಕೆ ಹೋಗು' ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ನನ್ನ ಕೈ ಹಿಡಿದು ಎಳೆದರು. ಅಲ್ಲಿದ್ದ … ಮತ್ತು … ಇದನ್ನು ಕಂಡಿದ್ದಾರೆ, ಕೇಳಿದ್ದಾರೆ. ನಾನು … ರಾಜ್ಯದ … ಜಿಲ್ಲೆಯವಳು, … ಪರಿಶಿಷ್ಟ ಪಂಗಡದವಳು. ನನ್ನ ಮುಖ ಮತ್ತು ಹುಟ್ಟಿದ ಊರಿನ ಕಾರಣಕ್ಕೆ ಹೀಗೆ ಮಾಡಿದ್ದಾರೆ."

ಇದರಲ್ಲಿ ಒಂದೊಂದು ಮಾತಿಗೂ ಕೆಲಸ ಇದೆ. ಸುಮ್ನೆ ಬೈದಿದ್ದು ಅಂತ ಮಾತ್ರ ಇದ್ದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದದ್ದು) 352ನೇ ಕಲಂ ಹಾಕುತ್ತಾರೆ. ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಇಲ್ಲ. ಎನ್‌ಸಿ, ಅಂದರೆ ಅಸಂಜ್ಞೇಯ ಅಂತ ಬರೆದು ಕೈಗೆ ಹಿಂಬರಹ ಕೊಟ್ಟು ಕಳಿಸುತ್ತಾರೆ. ದಾರಿ ಅಡ್ಡಗಟ್ಟಿದ್ದು 126ನೇ ಕಲಂ, ಅದಕ್ಕೆ ಎಫ್‌ಐಆರ್ ಆಗುತ್ತದೆ. ಹೆಣ್ಣುಮಗಳ ಮಾನಕ್ಕೆ ಕುಂದು ಬರುವಂತೆ ಮಾತು, ಸನ್ನೆ ಮಾಡಿದರೆ 79. ಆ ಉದ್ದೇಶದಿಂದ ಮೈ ಮುಟ್ಟಿದರೆ 74. ಜನಾಂಗ, ಹುಟ್ಟಿದ ಜಾಗ, ಭಾಷೆಯ ಹೆಸರಿನಲ್ಲಿ ಗುಂಪುಗಳ ನಡುವೆ ದ್ವೇಷ ಹಬ್ಬಿಸಿದರೆ 196, ಮೂರು ವರ್ಷದ ತನಕ ಜೈಲು. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗದ, ಭಾಷೆಯ ಕಾರಣಕ್ಕೆ ಗಂಭೀರ ಗಾಯ ಮಾಡಿದರೆ 117ರ ನಾಲ್ಕನೇ ಉಪಕಲಂ, ಏಳು ವರ್ಷದ ತನಕ. ನೀವು ಕಲಂ ಬರೆಯಬೇಕಾಗಿಲ್ಲ. ನಡೆದದ್ದನ್ನು ಬಿಡದೆ ಬರೆದರೆ ಕಲಂ ತಾನಾಗಿ ಬರುತ್ತದೆ.

ದೌರ್ಜನ್ಯ ತಡೆ ಕಾಯ್ದೆ, ಅಂದರೆ 1989ರ ಅಟ್ರಾಸಿಟಿ ಕಾಯ್ದೆ, ಇದಕ್ಕೆ ಬರುತ್ತದಾ? ಬರಬಹುದು. ಈಶಾನ್ಯದವರನ್ನು 'ಚಿಂಕಿ' ಅಂದರೆ ಈ ಕಾಯ್ದೆಯಲ್ಲಿ ಕೇಸ್ ಹಾಕಿ ಅಂತ ಕೇಂದ್ರ ಗೃಹ ಇಲಾಖೆ 2012ರಲ್ಲೇ ರಾಜ್ಯಗಳಿಗೆ ಬರೆದಿತ್ತು, ಶಿಕ್ಷೆ ಐದು ವರ್ಷದ ತನಕ. ಆದರೆ ಕೆಲವು ವಿಷಯ ನೋಡಬೇಕು. ಬೈಸಿಕೊಂಡವರು ಪರಿಶಿಷ್ಟ ಪಂಗಡ ಅಥವಾ ಜಾತಿಯವರಾಗಿರಬೇಕು. ನಾಗಾ, ಕುಕಿ, ಮಿಜೋ, ಖಾಸಿ ಜನ ಅವರವರ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು. ಮಣಿಪುರದ ಮೈತೇಯಿ ಜನ ಆ ಪಟ್ಟಿಯಲ್ಲಿಲ್ಲ. ಅಸ್ಸಾಮಿನ ಎಲ್ಲರೂ ಇಲ್ಲ, ನೇಪಾಳದಿಂದ ಬಂದವರಂತೂ ಇಲ್ಲ. ಬೈದವರು ಪರಿಶಿಷ್ಟ ಜಾತಿ, ಪಂಗಡದವರಾಗಿರಬಾರದು. ನಮ್ಮ ಜಿಲ್ಲೆಯಲ್ಲಿ ವಾಲ್ಮೀಕಿ ನಾಯಕರು ಜಾಸ್ತಿ, ಅವರೂ ಪರಿಶಿಷ್ಟ ಪಂಗಡ. ಬೈದವನು ಅವರ ಪೈಕಿ ಆಗಿದ್ದರೆ ಈ ಕಾಯ್ದೆ ಹಿಡಿಯುವುದಿಲ್ಲ, ಉಳಿದ ಕಲಮುಗಳೇ ಗತಿ. ಬೈದದ್ದು ನಾಲ್ಕು ಜನರ ಎದುರು ಆಗಿರಬೇಕು, ಅದಕ್ಕೇ 'ಎಲ್ಲರಿಗೂ ಕೇಳುವಂತೆ' ಅನ್ನುವ ಮಾತು.

"ನಿಮ್ಮ ಎಸ್‌ಟಿ ಸರ್ಟಿಫಿಕೇಟು ಮಣಿಪುರದ್ದು, ಇಲ್ಲಿ ನಡೆಯಲ್ಲ" ಅಂತ ಠಾಣೆಯಲ್ಲಿ ಹೇಳಬಹುದು. ಕೆಲಸದ ಮೀಸಲಾತಿಗೆ ಆ ಮಾತು ಸರಿ. ದೌರ್ಜನ್ಯದ ವಿಷಯಕ್ಕೆ, ಯಾವ ರಾಜ್ಯದಲ್ಲಿದ್ದರೂ ರಕ್ಷಣೆ ಉಂಟು ಅಂತ 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಅದು ಬೇರೆ ರಾಜ್ಯದ ಹೈಕೋರ್ಟು, ಹಾಗಾಗಿ ವಕೀಲರ ಬಾಯಲ್ಲಿ ಹೇಳಿಸಿ. ಸರ್ಟಿಫಿಕೇಟಿನ ಫೋಟೊ ಫೋನಿನಲ್ಲಿ ಇರಲಿ, ಊರಿಂದ ಈಗಲೇ ತರಿಸಿಕೊಳ್ಳಲು ಹೇಳಿ. ಬೇಕಾದಾಗ ಅಲ್ಲಿ ಇಂಟರ್‌ನೆಟ್ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಈ ಕಾಯ್ದೆಯ ದೂರಿಗೆ 14566 ಸಹಾಯವಾಣಿಯೂ ಇದೆ.

ಇಷ್ಟೆಲ್ಲ ಸರ್ಕಸ್ ಯಾಕೆ, ಇದಕ್ಕೇ ಅಂತ ಒಂದು ಕಾನೂನು ಇಲ್ಲವಾ ಅಂತ ಕೇಳಬಹುದು. ಇಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾ ಅನ್ನುವ ಹುಡುಗನನ್ನು, ಕೂದಲು ನೋಡಿ ಗೇಲಿ ಮಾಡಿ, ಜಗಳ ಬೆಳೆದು, ಹೊಡೆದು ಸಾಯಿಸಿದರು. ಆಮೇಲೆ ಎಂ.ಪಿ. ಬೆಜ್‌ಬರುವಾ ಸಮಿತಿ ಕೂತಿತು, ಅದೇ ವರ್ಷ ವರದಿ ಕೊಟ್ಟಿತು. ಜನಾಂಗದ ಹೆಸರಿನ ಅವಮಾನಕ್ಕೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಂ ಸೇರಿಸಿ ಅಂದಿತು. ಸೇರಿಸಲಿಲ್ಲ. 2024ರ ಜುಲೈ 1ರಿಂದ ಇಡೀ ಸಂಹಿತೆಯೇ ಹೊಸದಾಯಿತು, ಆಗಲೂ ಸೇರಿಸಲಿಲ್ಲ.

ದೂರು ತೆಗೆದುಕೊಳ್ಳದಿದ್ದರೆ ಅಲ್ಲಿ ಕೂತು ವಾದ ಮಾಡಬೇಡಿ. ಅದೇ ದೂರನ್ನು ಎಸ್‌ಪಿ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173ನೇ ಕಲಂ ಅದಕ್ಕೆ ದಾರಿ ಕೊಡುತ್ತದೆ. ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ನಮ್ಮ ಠಾಣೆ ವ್ಯಾಪ್ತಿ ಅಲ್ಲ ಅಂದರೆ ಝೀರೊ ಎಫ್‌ಐಆರ್, ಅಂದರೆ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್ ಕೇಳಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟರಿಗೆ ವರಮಾನ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಸಾಕ್ಷಿ ಕಾಲಂನಲ್ಲಿ ನಿಮ್ಮ ಹೆಸರು ಹಾಕಿಸಿ. ಇಲ್ಲಿಯೇ ಎಲ್ಲರೂ ಹಿಂದೆ ಸರಿಯುತ್ತಾರೆ. ಕೋರ್ಟಿಗೆ ಅಲೆಯಬೇಕಲ್ಲ ಅಂತ. ಹೌದು, ಅಲೆಯಬೇಕು. ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಆ ಹುಡುಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿರಬಹುದು. ಊರಲ್ಲೇ ಇರುವ ಸಾಕ್ಷಿ ನೀವೊಬ್ಬರೇ.

ಗಾಳಿಸುದ್ದಿ ಬಂದಾಗ

2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್‌ಎಂಎಸ್‌ನಲ್ಲಿ ಹಬ್ಬಿದ ಸುದ್ದಿಗೆ ಹೆದರಿ ಬೆಂಗಳೂರಿನಿಂದ ಅವರು ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ಒಟ್ಟೊಟ್ಟಿಗೆ ಬಹಳ ಎಸ್‌ಎಂಎಸ್ ಹೋಗದ ಹಾಗೆ ಕೆಲವು ದಿನ ಮಿತಿ ಹಾಕಿತ್ತು. ಈಗ ವಾಟ್ಸಾಪ್ ಇದೆ. ಅಂಥದ್ದೇನಾದರೂ ಬಂದರೆ ಮುಂದಕ್ಕೆ ಕಳಿಸಬೇಡಿ, ಮೇಲೆ ಹತ್ತಿ ಹೋಗಿ ಬಾಗಿಲು ತಟ್ಟಿ, "ನಾವು ಕೆಳಗೇ ಇದ್ದೀವಿ" ಅಂತ ಹೇಳಿ ಬನ್ನಿ. ಆ ರಾತ್ರಿ ಗೇಟ್ ಲೈಟ್ ಹಾಕಿಯೇ ಇರಲಿ.

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ, ಕುಕಿ ಜನರ ನಡುವೆ ಗಲಭೆ ಶುರುವಾದಾಗ ತಿಂಗಳುಗಟ್ಟಲೆ ಇಂಟರ್‌ನೆಟ್ ಇರಲಿಲ್ಲ. ಮನೆಯವರ ಸುದ್ದಿ ಇಲ್ಲ, ದುಡ್ಡು ಕಳಿಸಲು ಆಗುವುದಿಲ್ಲ. ಅಂಥ ಹೊತ್ತಿನಲ್ಲಿ ಬಾಡಿಗೆ ಒಂದು ತಿಂಗಳು ತಡವಾದರೆ ತಡೆದುಕೊಳ್ಳಿ. "ನೀನು ಆ ಕಡೆಯವಳಾ, ಈ ಕಡೆಯವಳಾ?" ಅಂತ ಕೇಳಬೇಡಿ. ಮೈತೇಯಿ, ಕುಕಿ ಇಬ್ಬರೂ ನಮ್ಮ ಕಣ್ಣಿಗೆ ಒಂದೇ ತರ ಕಾಣುತ್ತಾರೆ ಅಂತ ಇಬ್ಬರನ್ನೂ ಒಂದೇ ರೂಮಿಗೆ ಹಾಕಲೂ ಬೇಡಿ. ಅವರಾಗಿ ಇರುತ್ತೇವೆ ಅಂದರೆ ಸರಿ.

ಹಂಪಿಗೆ ಕಳಿಸುವಾಗ ಗುರುತಿನ ಚೀಟಿ ಜೇಬಿನಲ್ಲಿ ಇರಲಿ ಅಂತ ನೆನಪಿಸಿ. ಭಾರತೀಯರಿಗೆ 40 ರೂಪಾಯಿ ಇರುವ ಟಿಕೆಟ್ ವಿದೇಶಿಯರಿಗೆ 600. ಮುಖ ನೋಡಿ 600 ಕೇಳಿದರು ಅಂತ ಈಶಾನ್ಯದವರು ದೇಶದ ಎಷ್ಟೋ ಕಡೆ ಹೇಳಿದ್ದಾರೆ. ಚೀಟಿ ತೋರಿಸಬೇಕಾಗಿ ಬಂದದ್ದೇ ಬೇಜಾರು, ಆದರೂ 560 ರೂಪಾಯಿ ಉಳಿಯುತ್ತದಲ್ಲ.

ಖಾಲಿ ಮಾಡುವಾಗ

ಒಂದು ತಿಂಗಳು ಮೊದಲೇ ಹೇಳಲಿ, ಅದು ಕರಾರಿನಲ್ಲಿರಲಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರೋ ಅದನ್ನೂ ಕರಾರಿನಲ್ಲೇ ಬರೆದಿರಿ. ಎಲ್ಲರಿಗೂ ಹಿಡಿಯುವಷ್ಟೇ ಹಿಡಿಯಿರಿ. ಉಳಿದ ಅಡ್ವಾನ್ಸನ್ನು ಅವರು ಬೀಗದ ಕೈ ಕೊಡುವ ದಿನವೇ ಖಾತೆಗೆ ಹಾಕಿ. "ಆಮೇಲೆ ಕಳಿಸ್ತೀನಿ" ಅಂದರೆ ಮೂರು ದಿನ ರೈಲಿನಲ್ಲಿ ಕೂತು ಯಾರು ವಾಪಸ್ ಬಂದು ಕೇಳುತ್ತಾರೆ? ಅದು ಗೊತ್ತಿದ್ದೇ ಹಾಗೆ ಹೇಳುವ ಓನರುಗಳು ನಮ್ಮಲ್ಲಿದ್ದಾರೆ.

ಹೋಗುವಾಗ ಒಂದು ಕಾಗದ ಬರೆದುಕೊಡಿ. ಇಂಥವರು ಇಲ್ಲಿಂದ ಇಲ್ಲಿಯ ತನಕ ನಮ್ಮ ಮನೆಯಲ್ಲಿದ್ದರು, ಬಾಡಿಗೆ ಸರಿಯಾಗಿ ಕೊಟ್ಟರು, ಏನಾದರೂ ಕೇಳಬೇಕಿದ್ದರೆ ಫೋನ್ ಮಾಡಿ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಕೆಳಗೆ ನಿಮ್ಮ ನಂಬರ್ ಹಾಕಿ. ಫೋನ್ ಬರುತ್ತದೆ. ಹುಬ್ಬಳ್ಳಿಯಿಂದ ಬರಬಹುದು, ಹೈದರಾಬಾದಿನಿಂದ ಬರಬಹುದು, ಆ ಕಡೆಯ ಓನರ್ ಕೇಳುವುದು ಮತ್ತೆ ಅದೇ, ತೊಂದರೆ ಆಗಲ್ವಾ ಅಂತ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೀರಾ ಅಂತ ನಾನು ಕೇಳುತ್ತೇನೆ.